ಎರಡು ಪರ್ಸೆಂಟ್ ಮಹಾರಾಜರು

"ಚುನಾವಣೆ ಮುಗಿದು ತಿಂಗಳಾದ್ರೂ ಯಾರ ಕೈಗೆ ಸೆನೆಟ್ ಅಂತ ಗೊತ್ತಾಗಲ್ಲ ಅಂದ್ರೆ ಅದೆಂಥ ಚುನಾವಣೆ?" ಅಂತ ಲಲಿತಕ್ಕ ಕೇಳಿದ್ದೇ ತಪ್ಪಾಯಿತು. ಸೆನೆಟ್ ಅಂದರೆ ಅಮೆರಿಕದ ಸಂಸತ್ತಿನ ಮೇಲ್ಮನೆ, ನೂರು ಸೀಟು. ನಮ್ಮ ಗುಂಪಿನಲ್ಲಿ ಅಮೆರಿಕದ ಚುನಾವಣೆ ಮಾತು ಬಂದರೆ ಮೇಷ್ಟ್ರು ತಾವೂ ಮಲಗುವುದಿಲ್ಲ, ಬೇರೆಯವರನ್ನೂ ಮಲಗಲು ಬಿಡುವುದಿಲ್ಲ. ಜೀವನವಿಡೀ ಗಣಿತ ಹೇಳಿಕೊಟ್ಟವರು. ದಶಮಾಂಶ ಬಿಂದು ಕಂಡರೆ ಮೊಮ್ಮಗನನ್ನು ಕಂಡಷ್ಟು ಪ್ರೀತಿ.

"ಜಾರ್ಜಿಯಾ ತಗೊಳ್ಳಿ ಲಲಿತಮ್ಮ. ಅಲ್ಲಿ ಎಲ್ಲರಿಗಿಂತ ಜಾಸ್ತಿ ವೋಟು ಬಂದರೆ ಸಾಲದು. ಅರ್ಧಕ್ಕಿಂತ ಜಾಸ್ತಿ ಬರಬೇಕು. ಬರಲಿಲ್ಲವೋ, ಮೊದಲ ಇಬ್ಬರು ಮತ್ತೆ ಕಣಕ್ಕೆ. ಅದೇ ರನ್‌ಆಫ್."

"ಸಪ್ಲಿಮೆಂಟರಿ ಪರೀಕ್ಷೆ ಅನ್ನಿ" ಅಂದ ಸೀನ.

"ಸಪ್ಲಿಮೆಂಟರಿ ಬರೆಯೋದು ಫೇಲಾದವನು ಕಣೋ. ಇಲ್ಲಿ ಫಸ್ಟ್ ಬಂದವನೂ ಬರೀಬೇಕು. 2020ರ ನವೆಂಬರ್‌ನಲ್ಲಿ ಡೇವಿಡ್ ಪರ್ಡ್ಯೂ ಅಂತ ರಿಪಬ್ಲಿಕನ್ ಸೆನೆಟರ್‌ಗೆ ಎಷ್ಟು ಬಂತು ಗೊತ್ತಾ? ಶೇ 49.7. ಡೆಮಾಕ್ರಟ್ ಜಾನ್ ಆಸಫ್‌ಗೆ 47.9. ಬೇರೆ ರಾಜ್ಯ ಆಗಿದ್ದರೆ ಪರ್ಡ್ಯೂ ಆವತ್ತೇ ಹಾರ ಹಾಕಿಸಿಕೊಂಡು ಮಲಗಬಹುದಿತ್ತು."

"ಮಿಕ್ಕಿದ್ದು ಎಲ್ಲಿ ಹೋಯ್ತು?"

"ಲಿಬರ್ಟೇರಿಯನ್ ಪಕ್ಷದವರಿಗೆ. 2.3."

ಸೀನ ನೆಟ್ಟಗೆ ಕೂತ. ಅವನದು ಹುಟ್ಟಿನಿಂದಲೂ ಮೂರನೆಯವರ ಪಾರ್ಟಿ. ಯಾವ ಆಟ ನೋಡಿದರೂ ಕಂಚಿನ ಪದಕದವನಿಗೇ ಚಪ್ಪಾಳೆ. "ನೋಡಿದ್ರಾ? ಗೆಲ್ಲಲೂ ಇಲ್ಲ, ಗೆಲ್ಲೋರನ್ನ ಬಿಡಲೂ ಇಲ್ಲ. ಮಹಾರಾಜ ಅಂದ್ರೆ ಅವನು!"

ಅದೇ ರಾಜ್ಯದ ಇನ್ನೊಂದು ಸೀಟಿಗೂ ಆವತ್ತೇ ವಿಶೇಷ ಚುನಾವಣೆ. ಅಲ್ಲಿ 20 ಜನ ನಿಂತಿದ್ದರು. ಅರ್ಧದ ಮಾತು ಬಿಡಿ, ಮೊದಲು ಬಂದ ಡೆಮಾಕ್ರಟ್ ರಾಫೆಲ್ ವಾರ್ನಾಕ್‌ಗೆ ಸಿಕ್ಕಿದ್ದೇ ಮೂರನೇ ಒಂದು ಪಾಲು. ಹಾಗಾಗಿ 2021ರ ಜನವರಿ 5ಕ್ಕೆ ಎರಡೂ ಸೀಟಿಗೆ ರನ್‌ಆಫ್. ಅಷ್ಟು ಹೊತ್ತಿಗೆ ಮಿಕ್ಕ 98 ಸೀಟು ಹಂಚಿಹೋಗಿತ್ತು. ರಿಪಬ್ಲಿಕನ್ನರ ಕಡೆ 50, ಡೆಮಾಕ್ರಟರ ಕಡೆ 48.

"ಅಂದ್ರೆ ಅಷ್ಟು ದೊಡ್ಡ ದೇಶ ಜಾರ್ಜಿಯಾದವರ ಮುಖ ನೋಡ್ಕೊಂಡು ಕೂತಿತ್ತು" ಅಂದೆ ನಾನು.

"ಮುಖ ನೋಡ್ಕೊಂಡಲ್ಲ, ಬಾಗಿಲು ಬಡ್ಕೊಂಡು. ಅಧ್ಯಕ್ಷ, ಆಗಲಿರೋ ಅಧ್ಯಕ್ಷ, ಇಬ್ಬರೂ ಪ್ರಚಾರಕ್ಕೆ ಬಂದರು. ಎರಡು ಸೀಟೂ ಡೆಮಾಕ್ರಟರಿಗೆ ಹೋಯ್ತು. ಆಸಫ್ ಗೆದ್ದಿದ್ದು ಸುಮಾರು 55,000 ವೋಟಲ್ಲಿ. 50ಕ್ಕೆ 50. ಸಮ ಆದಾಗ ವೋಟು ಹಾಕೋರು ಉಪಾಧ್ಯಕ್ಷರು. ಡೆಮಾಕ್ರಟರ ಕಮಲಾ ಹ್ಯಾರಿಸ್ ನಾಲ್ಕು ವರ್ಷದಲ್ಲಿ 33 ಸಲ ಹಾಗೆ ಹಾಕಿದರು. 1832ರ ತನಕ ಉಪಾಧ್ಯಕ್ಷರಾಗಿದ್ದ ಕ್ಯಾಲ್ಹೂನ್ ಅವರ ದಾಖಲೆ ಇದ್ದಿದ್ದು 31."

"ಪಾಪ, ಊರು ಬಿಟ್ಟು ಎಲ್ಲೂ ಹೋಗೋ ಹಾಗಿಲ್ಲ" ಅಂತ ಲಲಿತಕ್ಕ ಮರುಗಿದರು.

ರನ್‌ಆಫ್‌ಗಾದರೂ ತಾರೀಖು ಅಂತ ಒಂದಿದೆ. ಮರು ಎಣಿಕೆಗೆ ಅದೂ ಇಲ್ಲ. 2008ರಲ್ಲಿ ಮಿನೆಸೋಟದ ಸೆನೆಟ್ ಸೀಟಿಗೆ ರಿಪಬ್ಲಿಕನ್ ನಾರ್ಮ್ ಕೋಲ್ಮನ್ ಮೊದಲು 215 ವೋಟು ಮುಂದಿದ್ದರು. ಎದುರಾಳಿ ಡೆಮಾಕ್ರಟ್ ಆಲ್ ಫ್ರಾಂಕನ್, ಮೊದಲು ಹಾಸ್ಯ ಮಾಡಿಕೊಂಡಿದ್ದವರು. ಅಧಿಕಾರಿಗಳು ತಕರಾರಿನ ಮತಪತ್ರಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಾ ಕೂತರು. ಒಂದರಲ್ಲಿ ಫ್ರಾಂಕನ್ ಹೆಸರಿನ ಪಕ್ಕದ ಸೊನ್ನೆ ತುಂಬಿತ್ತು. ಕೆಳಗೆ ಖಾಲಿ ಜಾಗದಲ್ಲಿ ಪುಣ್ಯಾತ್ಮ ‘ಲಿಜರ್ಡ್ ಪೀಪಲ್’ ಅಂತ ಬೇರೆ ಬರೆದಿದ್ದ.

"ಹಲ್ಲಿ ಮನುಷ್ಯರಾ?"

"ಹೂಂ. ಹಾಗಂತ ಅಭ್ಯರ್ಥಿ ಯಾರೂ ಇಲ್ಲ ಸ್ವಾಮೀ ಅಂತ ಫ್ರಾಂಕನ್ ಕಡೆ ವಕೀಲರು ವಾದ ಮಾಡಿದರು. ಇಬ್ಬರಿಗೆ ಹಾಕಿದ ಹಾಗಾಯ್ತು ಅಂತ ವೋಟು ರದ್ದಾಯ್ತು."

"ಮೂರನೆಯವರು ಅಂದ್ರೆ ಹಾಗಿರಬೇಕು" ಅಂದ ಸೀನ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಕೊನೆಗೆ ಫ್ರಾಂಕನ್ 312 ವೋಟಿನಲ್ಲಿ ಗೆದ್ದರು. ಕೋರ್ಟು ಕಚೇರಿ ಎಲ್ಲ ಮುಗಿದು ಪ್ರಮಾಣವಚನ ಆಗುವಾಗ 2009ರ ಜುಲೈ. ಎಂಟು ತಿಂಗಳು! ನಡುವೆ ಒಬ್ಬ ರಿಪಬ್ಲಿಕನ್ ಸೆನೆಟರ್ ಪಕ್ಷ ಬದಲಿಸಿದ್ದರಿಂದ, ಫ್ರಾಂಕನ್ ಬಂದು ಕೂತಿದ್ದು ಡೆಮಾಕ್ರಟರ ಅರವತ್ತನೆಯವರಾಗಿ. ಸೆನೆಟ್‌ನಲ್ಲಿ ಎದುರು ಪಕ್ಷದವರು ಚರ್ಚೆ ಎಳೆದೂ ಎಳೆದೂ ಮಸೂದೆಯನ್ನು ಕೂರಿಸಿಬಿಡಬಹುದು. ಆ ಬಾಯಿ ಮುಚ್ಚಿಸಲು ಬೇಕಾದದ್ದು 60 ವೋಟು. ಆ ಡಿಸೆಂಬರ್‌ನಲ್ಲಿ ಒಬಾಮಾ ಆರೋಗ್ಯ ವಿಮೆ ಮಸೂದೆ ಸೆನೆಟ್ ದಾಟಿದ್ದು ಸರಿಯಾಗಿ 60 ವೋಟಿನಿಂದಲೇ. ಒಂದು ಕಡಿಮೆ ಆಗಿದ್ದರೆ ಗೋವಿಂದ.

"312 ಆದರೂ ಸಂಖ್ಯೆ ಕಣ್ರೀ" ಅಂತ ಮೇಷ್ಟ್ರು ಕುರ್ಚಿ ಮುಂದಕ್ಕೆಳೆದರು. "ವರ್ಜೀನಿಯಾದಲ್ಲಿ ಏನಾಯ್ತು? 2017, ರಾಜ್ಯದ ಕೆಳಮನೆ. 100 ಸೀಟಲ್ಲಿ 99ರ ಲೆಕ್ಕ ಆಯ್ತು. ಉಳಿದ ಒಂದರಲ್ಲಿ ಮರು ಎಣಿಕೆ ಮಾಡಿದರೆ ಡೆಮಾಕ್ರಟ್ ಶೆಲ್ಲಿ ಸೈಮಂಡ್ಸ್‌ಗೆ ಒಂದು ವೋಟಿನ ಗೆಲುವು. ಮಾರನೇ ದಿನ ಜಡ್ಜುಗಳು ಒಂದು ಮತಪತ್ರ ತೆಗೆದರು. ಎರಡೂ ಹೆಸರಿಗೆ ಗುರುತು. ಸೈಮಂಡ್ಸ್ ಗುರುತಿನ ಮೇಲೆ ಮಾತ್ರ ಒಂದು ಗೀಟು. ಸರಿ, ಇದು ಎದುರಾಳಿ ಡೇವಿಡ್ ಯಾನ್ಸಿಗೇ ಹಾಕಿದ್ದು ಅಂದರು. ಇಬ್ಬರಿಗೂ 11,608!"

"ಆಮೇಲೆ?"

"ಆಮೇಲೆ ಏನು, ಚೀಟಿ ಎತ್ತಿದ್ದು."

2018ರ ಜನವರಿ 4. ಕಲಾ ಮ್ಯೂಸಿಯಂನಿಂದ ಒಂದು ಪಿಂಗಾಣಿ ಬಟ್ಟಲು ಎರವಲು ತಂದರು. ಎರಡು ಚೀಟಿಯನ್ನು ಕ್ಯಾಮೆರಾ ರೀಲು ಹಾಕುವ ಎರಡು ಡಬ್ಬಿಯಲ್ಲಿ ಹಾಕಿ, ಬಟ್ಟಲಲ್ಲಿಟ್ಟು ಕಲಸಿ, ಒಂದನ್ನು ಎತ್ತಿದರು. ಯಾನ್ಸಿ. ರಿಪಬ್ಲಿಕನ್ನರಿಗೆ 51-49, ಸದನ ಅವರದೇ. ಇನ್ನೊಂದು ಡಬ್ಬಿ ಕೈಗೆ ಬಂದಿದ್ದರೆ 50-50. ಕೋಟಿಗಟ್ಟಲೆ ಡಾಲರ್ ಸುರಿದು ಪ್ರಚಾರ ಮಾಡಿದವರು ಕೊನೆಗೆ ಆ ಬಟ್ಟಲಿನೊಳಗೆ ಇಣುಕಿ ನೋಡುತ್ತಿದ್ದುದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

"2022ರಲ್ಲಿ ಜಾರ್ಜಿಯಾ ಮತ್ತೆ ಹಾಗೇ ಮಾಡ್ತು" ಅಂದರು ಮೇಷ್ಟ್ರು. "ವಾರ್ನಾಕ್ 49.4, ರಿಪಬ್ಲಿಕನ್ ಹರ್ಷೆಲ್ ವಾಕರ್ 48.5, ಮಿಕ್ಕಿದ್ದು..."

"ಲಿಬರ್ಟೇರಿಯನ್!" ಸೀನ ಎದ್ದೇ ನಿಂತ.

"2.1. ಕೂತ್ಕೋ. ಆದರೆ ಈ ಸಲ ಅಷ್ಟರಲ್ಲೇ ನೆವಾಡಾದಲ್ಲಿ ಎಣಿಕೆ ಮುಗಿದು ಡೆಮಾಕ್ರಟರಿಗೆ 50 ಸಿಕ್ಕಿತ್ತು. ಸೆನೆಟ್ ಕೈಲೇ ಇತ್ತು."

"ಮತ್ತೆ ಯಾಕೆ ಗುದ್ದಾಟ?"

"50-50 ಇದ್ದರೆ ಸಮಿತಿಗಳಲ್ಲೂ ಸಮಸಮ. ಅಧ್ಯಕ್ಷರು ಕಳಿಸಿದ ನೇಮಕ ಅಲ್ಲೇ ಸಿಕ್ಕಿಹಾಕ್ಕೊಳ್ಳಬಹುದು. 51 ಆದರೆ ಸಮಿತಿಯಲ್ಲೂ ಒಬ್ಬರು ಜಾಸ್ತಿ, ಗಾಡಿ ಸಲೀಸು. ಡಿಸೆಂಬರ್ 6ಕ್ಕೆ ವಾರ್ನಾಕ್ ಗೆದ್ದರು. 51 ಆಯ್ತು. 9ನೇ ತಾರೀಖು ಅರಿಜೋನಾದ ಕಿರ್ಸ್ಟನ್ ಸಿನೆಮಾ ಡೆಮಾಕ್ರಟಿಕ್ ಪಕ್ಷ ಬಿಟ್ಟೆ, ಇನ್ನು ಮೇಲೆ ಪಕ್ಷೇತರಳು ಅಂದರು."

"ಮೂರೇ ದಿನಕ್ಕಾ?" ಲಲಿತಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಹಾಗಾದ್ರೆ 51 ಹೋಯ್ತಲ್ಲ!"

"ಹೋಗಲಿಲ್ಲ. ಸಮಿತಿ ಸ್ಥಾನ ಡೆಮಾಕ್ರಟರ ಲೆಕ್ಕದಲ್ಲೇ ಉಳಿಸಿಕೊಂಡರು. ಮೊದಲೇ ಇಬ್ಬರು ಪಕ್ಷೇತರರು ಅವರ ಜೊತೆಗಿದ್ದರು. 48 ಮಂದಿ ಪಕ್ಷದವರು, 3 ಪಕ್ಷೇತರರು. ಒಟ್ಟು 51."

"ಪಕ್ಷ ಬೇಡ ಅಂದವರನ್ನೂ ಪಕ್ಷದ ಲೆಕ್ಕಕ್ಕೆ ಹಾಕಿದ್ರೆ ಅದ್ಯಾವ ಗಣಿತ ಮೇಷ್ಟ್ರೇ?"

ಮೇಷ್ಟ್ರು ಬೆರಳು ಮಡಿಸಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ಎದ್ದು ಚಪ್ಪಲಿ ಹುಡುಕತೊಡಗಿದರು.

"ಮೂರು ಜನ, ನೋಡಿ" ಅಂತ ಸೀನ ಬಾಗಿಲವರೆಗೂ ಅವರ ಹಿಂದೆಯೇ ಹೋದ. "ಮೂರು!"