ಮಗಳ ಹಾಲು ಹಲ್ಲು ಬೀಳುತ್ತಿಲ್ಲ, ಕೀಳಿಸಲಾ?

ಹಾಸನದ_ಅಮ್ಮ
ಮಗಳಿಗೆ 11. ಮುಂದಿನ ಹಾಲು ಹಲ್ಲು ಒಂದೂ ಅಲ್ಲಾಡುತ್ತಿಲ್ಲ. ಪೂರ್ತಿ ಬಾಯಿಯ ಎಕ್ಸ್‌ರೇ ತೆಗೆಸಿದರೆ ದವಡೆಯೊಳಗೆ ಹಲ್ಲುಗಳು ಜೋಳದ ತೆನೆ ತರ ಒತ್ತಿಕೊಂಡು ಕೂತಿವೆ, ಅದರಲ್ಲಿ 5 ಜಾಸ್ತಿ ಹಲ್ಲು. ದೊಡ್ಡಾಸ್ಪತ್ರೆಯಲ್ಲಿ ಕ್ಲೈಡೋಕ್ರೇನಿಯಲ್ ಡಿಸ್‌ಪ್ಲೇಸಿಯಾ ಅಂದರು. ಹುಟ್ಟಿನಿಂದಲೇ ಮೂಳೆ, ಹಲ್ಲು ಸರಿಯಾಗಿ ಬೆಳೆಯದ ತೊಂದರೆಯಂತೆ, ಇವಳ ಕಾಲರ್ ಬೋನೂ ಸರಿಯಾಗಿ ಬೆಳೆದಿಲ್ಲವಂತೆ. ಇವಳು ಎರಡೂ ಭುಜ ಎದೆ ಮುಂದೆ ತಂದು ಮುಟ್ಟಿಸುತ್ತಾಳೆ, ನಮ್ಮ ಮನೆಯವರೂ ಅಷ್ಟೇ. ಮದುವೆಯಾದ ಹೊಸದರಲ್ಲಿ ಸರ್ಕಸ್ಸು ಅಂತ ನಗುತ್ತಿದ್ದೆ. ಪಕ್ಕದ ಕ್ಲಿನಿಕ್ಕಿನವರು ಹಾಲು ಹಲ್ಲೆಲ್ಲ ಕಿತ್ತುಬಿಡೋಣ, ಹೊಸದು ತಾನಾಗೇ ಬರುತ್ತೆ ಅನ್ನುತ್ತಾರೆ. ಏನು ಮಾಡಲಿ?

ಬೋಳುಬಾಯಿ_29
ಸುಮ್ನೆ ಕೀಳಿಸಬೇಡಿ ಅಕ್ಕಾ. ನನಗೂ ಇದೇ. 9ನೇ ವಯಸ್ಸಲ್ಲಿ ಹಾಗೇ ಕಿತ್ತರು, ಹೊಸದು ಬರಲೇ ಇಲ್ಲ. ಹೈಸ್ಕೂಲು ಪೂರ್ತಿ ಚಕ್ಕುಲಿಯನ್ನು ಕಾಫಿಗೆ ಅದ್ದಿ ತಿಂದಿದ್ದೇನೆ. ಆಮೇಲೆ ಆಪರೇಷನ್ ಮಾಡಿ, ಒಸಡು ಬಿಡಿಸಿ, ಜಾಸ್ತಿ ಇದ್ದ ಹಲ್ಲು ತೆಗೆದು, ಒಳಗಿದ್ದ ಹಲ್ಲಿಗೆ ಗುಂಡಿಯಂಥದ್ದು ಅಂಟಿಸಿ ಅದಕ್ಕೊಂದು ಸಣ್ಣ ಸರಪಳಿ ಕಟ್ಟಿದರು. ತಿಂಗಳಿಗೊಮ್ಮೆ ಹೋದರೆ ಒಂದು ಕೊಂಡಿ ಕತ್ತರಿಸಿ ಮತ್ತೆ ಬಿಗಿ ಮಾಡೋರು. ಆ ರಾತ್ರಿ ಗಂಜಿಯೇ ಗತಿ. ಕ್ಲಿಪ್ ಬಿಚ್ಚೋಕೆ 4 ವರ್ಷ ಹಿಡೀತು.

ದಂತವೈದ್ಯ_ಮೈಸೂರು
ಇವರು ಹೇಳಿದ್ದು ಸರಿ. ಇದು ರನ್‌ಎಕ್ಸ್2 ಅನ್ನೋ ಜೀನ್‌ನ ದೋಷ. ಹಾಲು ಹಲ್ಲಿನ ಬೇರು ಕರಗುವುದಿಲ್ಲ, ಮೇಲಿನ ಮೂಳೆ ಸವೆದು ದಾರಿ ಬಿಡುವುದಿಲ್ಲ, ಸಾಲದ್ದಕ್ಕೆ ಜಾಸ್ತಿ ಹಲ್ಲು ಅಡ್ಡ. ಅದಕ್ಕೇ ಎಳೆದು ತರಬೇಕು. ಜೆರುಸಲೇಮ್ ವಿಧಾನ ಅಂತ ಒಂದಿದೆ. 10-12ರ ಹೊತ್ತಿಗೆ ಮುಂದಿನ ಹಾಲು ಹಲ್ಲು ಮತ್ತು ಜಾಸ್ತಿ ಹಲ್ಲೆಲ್ಲ ತೆಗೆದು ಬಾಚಿಹಲ್ಲು ಎಳೆಯುತ್ತಾರೆ, 13 ದಾಟಿದ ಮೇಲೆ ಇನ್ನೊಂದು ಆಪರೇಷನ್‌ನಲ್ಲಿ ಕೋರೆಹಲ್ಲು, ಅದರ ಹಿಂದಿನವು. ವಯಸ್ಸಿಗಿಂತ ಬೇರು ಎಷ್ಟು ಬೆಳೆದಿದೆ ಅನ್ನೋದು ಮುಖ್ಯ, ಈ ಮಕ್ಕಳಲ್ಲಿ ಅದು ನಿಧಾನ. ಸರ್ಜನ್ನೂ ಕ್ಲಿಪ್ ಹಾಕುವ ಆರ್ಥೋಡಾಂಟಿಸ್ಟೂ ಒಟ್ಟಿಗೆ ಕೂತು ಪ್ಲಾನ್ ಮಾಡುವ ಡೆಂಟಲ್ ಕಾಲೇಜಿಗೆ ಹೋಗಿ. ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್‌ರೇ) ಬೇಕಾಗುತ್ತೆ. ತಂದೆಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಅವರ ಬಾಯನ್ನೂ ತೋರಿಸಿ.

ಹಾಸನದ_ಅಮ್ಮ
ಅವರಿಗೆ ನಾನು ನೋಡಿದಾಗಿನಿಂದ ಹಲ್ಲುಸೆಟ್ಟೇ. ಚಿಕ್ಕವರಿದ್ದಾಗ ಯಾರೋ ಕಿತ್ತರಂತೆ, ಮತ್ತೆ ಬರಲಿಲ್ಲವಂತೆ. ನಾವು ಸಿಹಿ ಜಾಸ್ತಿ ತಿಂದು ಹಾಳಾಗಿದ್ದು ಅಂದುಕೊಂಡಿದ್ದೆವು. ಈಗಷ್ಟೇ ಕ್ಲಿನಿಕ್ಕಿಗೆ ಫೋನ್ ಮಾಡಿ ಸೋಮವಾರ ಬರಲ್ಲ ಅಂದೆ.