ಹೊಳೆಗೆ ನೀರು ಬಿಡುವ ಎಚ್ಚರಿಕೆಯನ್ನು ಊರಿಗೆ ಹೇಗೆ ತಿಳಿಸಬೇಕು?

ಪ್ರಶ್ನೆ (ಪಂಚಾಯಿತಿ ಸದಸ್ಯೆ, ಶ್ರೀರಂಗಪಟ್ಟಣ ತಾಲ್ಲೂಕು): "ಕೆಆರ್‌ಎಸ್‌ನಿಂದ 80 ಸಾವಿರ ಕ್ಯೂಸೆಕ್ ನೀರು ಬಿಡುಗಡೆ, ನದಿ ಪಾತ್ರದವರು ಎಚ್ಚರದಿಂದಿರಿ" ಎಂದು ಕಳೆದ ಮಳೆಗಾಲದಲ್ಲಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದೆ. ಎಲ್ಲರೂ ಓದಿದ್ದರು. ಆದರೂ ಬೆಳಿಗ್ಗೆ ದಂಡೆಯಲ್ಲಿ ಬಟ್ಟೆ ಒಗೆಯುವವರು ಇದ್ದರು, ಇಬ್ಬರ ಪಂಪ್‌ಸೆಟ್ ಮುಳುಗಿತು. ನಾನು ಎಡವಿದ್ದೆಲ್ಲಿ?

ಉತ್ತರ (ವಿಪತ್ತು ನಿರ್ವಹಣಾ ತರಬೇತುದಾರ, ಮಂಡ್ಯ): ಮೇಡಂ, ನೀವು ಕಳುಹಿಸಿದ ಅಂಕಿ ಎಂಜಿನಿಯರುಗಳ ಭಾಷೆಯದು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅದು ಗೊತ್ತಿದ್ದರೂ ತನ್ನ ಮೋಟಾರು ಮುಳುಗುತ್ತದೆಯೇ ಎಂಬುದು ರೈತನಿಗೆ ತಿಳಿಯುವುದಿಲ್ಲ. ಹೀಗೆ ಬರೆಯಿರಿ: "ಇಂದು ರಾತ್ರಿ ಹೊಳೆ ಸ್ನಾನಘಟ್ಟದ ಮೇಲಿನ ಮೆಟ್ಟಿಲು ಮುಟ್ಟಬಹುದು. ಸಂಜೆ ಆರರೊಳಗೆ ಮೋಟಾರು ಬಿಚ್ಚಿ ಮೇಲಕ್ಕೆ ತನ್ನಿ. ದಂಡೆಯ ಬಯಲಿನಲ್ಲಿ ದನ ಕಟ್ಟಬೇಡಿ." ಹಿಂದೆ ಎಷ್ಟು ನೀರು ಬಿಟ್ಟಾಗ ಹೊಳೆ ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಹಿರಿಯರಿಂದ ಕೇಳಿ, ತಾಲ್ಲೂಕು ಕಚೇರಿಯವರೊಂದಿಗೆ ತಾಳೆ ನೋಡಿ, ಬೇಸಿಗೆಯಲ್ಲೇ ಕಲ್ಲಿನ ಮೇಲೆ ಬಣ್ಣದ ಗೆರೆ ಎಳೆಸಿಡಿ. ಇದೊಂದನ್ನು ಮಾತ್ರ ಮುಂದೂಡಬೇಡಿ.

ಪ್ರಶ್ನೆ (ಮೈಸೂರಿನ ಓದುಗ): ಸರ್, ಆರೆಂಜ್ ಅಲರ್ಟ್ ಕೊಡಗಿಗೆ ಬಂದರೆ ಇಲ್ಲಿನವರು ಏಕೆ ಗಾಬರಿಯಾಗಬೇಕು? ಇಲ್ಲಿ ಬಿಸಿಲಿರುತ್ತದಲ್ಲ!

ಉತ್ತರ: ಅಪಾಯ ಇರುವುದೇ ಆ ಬಿಸಿಲಿನಲ್ಲಿ. ಕೊಡಗಿನ ಮಳೆ ಕೆಆರ್‌ಎಸ್‌ಗೆ ಬರುತ್ತದೆ. ಅಣೆಕಟ್ಟೆ 124.80 ಅಡಿ ಮುಟ್ಟಿದ ಮೇಲೆ ಬಂದ ನೀರನ್ನು ಹಿಡಿದಿಡಲು ಜಾಗವಿರುವುದಿಲ್ಲ. ಕಬಿನಿಯ ಕಥೆಯೂ ಅಷ್ಟೇ: ವಯನಾಡಿನಲ್ಲಿ ಸುರಿದರೆ ನಂಜನಗೂಡಿನ ಸ್ನಾನಘಟ್ಟ ಮುಳುಗುತ್ತದೆ. ಹವಾಮಾನ ಇಲಾಖೆಯ ಹಳದಿಗೆ ಗಮನವಿಡಿ, ಕಿತ್ತಳೆಗೆ ಸಿದ್ಧರಾಗಿ, ಕೆಂಪಿಗೆ ಕೂಡಲೇ ಕ್ರಮ ಕೈಗೊಳ್ಳಿ ಎಂದರ್ಥ. ಆದರೆ ಅದು ಮಳೆಯ ಎಚ್ಚರಿಕೆ. ಹೊಳೆಯದ್ದನ್ನು ಬೇರೆಯಾಗಿಯೇ ಕೇಳಿಕೊಳ್ಳಬೇಕು.

ಪಂಚಾಯಿತಿ ಸದಸ್ಯೆ: "ಹೋದ ಸಲವೂ ಹೆದರಿಸಿದಿರಿ, ಏನೂ ಆಗಲಿಲ್ಲ" ಎನ್ನುವವರಿಗೆ ಏನು ಹೇಳಲಿ?

ಉತ್ತರ: ಅವರ ಮಾತನ್ನು ತಳ್ಳಿಹಾಕಬೇಡಿ. ನೀರು ಏಕೆ ಏರಲಿಲ್ಲ ಎಂಬುದನ್ನೂ ಹೇಳಿ: ಮೇಲೆ ಮಳೆ ನಿಂತಿತು, ಹೊರಹರಿವು ತಗ್ಗಿಸಿದರು. ಅಪಾಯ ಕಳೆದಾಗಲೂ ಸಂದೇಶ ಹಾಕಿ. ಹೆಚ್ಚಿನವರು ಇದನ್ನು ಮರೆಯುತ್ತಾರೆ, ನಂಬಿಕೆ ಸವೆಯುವುದು ಅಲ್ಲಿಯೇ. ಪ್ರತಿ ಸಂದೇಶದಲ್ಲೂ ದಿನಾಂಕ, ಗಂಟೆ, ಹೇಳಿದ ಕಚೇರಿಯ ಹೆಸರು ಇರಲಿ. ಇಲ್ಲದಿದ್ದರೆ ಹಳೆಯ ಸಂದೇಶವೇ ಮರುವರ್ಷ ಸುತ್ತಾಡುತ್ತದೆ. ಬಟ್ಟೆ ಒಗೆಯುತ್ತಿದ್ದವರ ಕೈಯಲ್ಲಿ ಮೊಬೈಲ್ ಇತ್ತೇ?

ಪಂಚಾಯಿತಿ ಸದಸ್ಯೆ: ಇಬ್ಬರಲ್ಲಿ ಇರಲಿಲ್ಲ ಸರ್.

ಉತ್ತರ: ಹಾಗಾದರೆ ಹಿಂದಿನ ಸಂಜೆಯೇ ತಮಟೆ ಹೊಡೆಸಿ ಸಾರಿಸಿ. ದಂಡೆಯ ಮನೆಗಳಿಗೆ ಯಾರು ಹೋಗಿ ಹೇಳಬೇಕೆಂದು ಈಗಲೇ ಹೆಸರು ಬರೆದಿಡಿ.