ಅಪ್‌ಡೇಟ್: ತೊಳೆದು ಬಳಸುವ ಏರ್ ಫಿಲ್ಟರ್, ಒಂದು ವರ್ಷದ ಮೇಲೆ

ಕಾರಿನ ಎಂಜಿನ್‌ಗೆ ಹೋಗುವ ಗಾಳಿ ಸೋಸಲು, ತೊಳೆದು ಮತ್ತೆ ಬಳಸುವ ಏರ್ ಫಿಲ್ಟರ್‌ಗೆ ದುಡ್ಡು ಹಾಕಬಹುದಾ ಎಂದು ಇಲ್ಲಿ ಕೇಳಿದ್ದೆ. ಕೊನೆಗೆ ಎಣ್ಣೆ ಹಚ್ಚುವ ಹತ್ತಿಯ ಫಿಲ್ಟರ್ ತಂದು ಕಾರಿಗೆ ಹಾಕಿದೆ. ಒಂದು ವರ್ಷ ಓಡಿಸಿದ್ದೇನೆ.

ಮೈಲೇಜ್ ಒಂದಿಷ್ಟೂ ಬದಲಾಗಲಿಲ್ಲ. ಈಗಿನ ಎಂಜಿನ್‌ನಲ್ಲಿ ಬರುವ ಗಾಳಿಯನ್ನು ಸೆನ್ಸರ್ ಅಳೆಯುತ್ತದೆ, ಇಸಿಯು (ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತದೆ, ಅಲ್ವಾ? ಗಾಳಿ ಎಳೆಯುವ ಸದ್ದು ಮಾತ್ರ ಸ್ವಲ್ಪ ಜಾಸ್ತಿಯಾಯಿತು.

ತೊಂದರೆ ಶುರುವಾದದ್ದು ಮೊದಲ ಸಲ ತೊಳೆದಾಗ. ರಾತ್ರಿಯಿಡೀ ನೆರಳಲ್ಲಿ ಒಣಗಿಸಿದೆ, ಅದು ಸರಿಯೇ. ಆದರೆ ಎಣ್ಣೆ ಜಾಸ್ತಿ ಹಾಕಿಬಿಟ್ಟೆ. ಮಡಿಕೆಗಳ ತುದಿಯಲ್ಲಿ ಕೆಂಪು ಹನಿ ನಿಂತಿತ್ತು, ಒರೆಸಿ ಹಾಗೇ ಕೂರಿಸಿದೆ. ಎರಡೇ ವಾರಕ್ಕೆ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಓಡುತ್ತಿರುವಾಗ) ನಡುಕ, ಚೆಕ್ ಎಂಜಿನ್ ದೀಪ. ಬರುವ ಗಾಳಿ ಅಳೆಯುವ ಆ ಎಂಎಎಫ್ ಸೆನ್ಸರ್‌ನ ಕೂದಲೆಳೆಯಂಥ ತಂತಿಗೆ ಎಣ್ಣೆ ಮೆತ್ತಿತ್ತು. ಅದಕ್ಕೆಂದೇ ಇರುವ ಕ್ಲೀನರ್ ಸ್ಪ್ರೇ ಹೊಡೆದ ಮೇಲೆ ಸರಿಹೋಯಿತು.

ಈಗ ಮಾಮೂಲಿ ಪೇಪರ್ ಫಿಲ್ಟರ್‌ಗೇ ವಾಪಸ್ ಬಂದಿದ್ದೇನೆ. ನನ್ನ ಓಡಾಟ ಧೂಳಿನ ದಾರಿಯಲ್ಲೇ ಜಾಸ್ತಿ, ಸಣ್ಣ ಧೂಳು ಒಳಗೆ ಹೋಗದಿರುವುದೇ ನನಗೆ ಮುಖ್ಯ. ಒಂದೇ ಗಾಡಿಯನ್ನು ತುಂಬಾ ವರ್ಷ ಇಟ್ಟುಕೊಂಡು ತಾಳ್ಮೆಯಿಂದ ತೊಳೆಯುವವರಿಗೆ ದುಡ್ಡು ಉಳಿಯಬಹುದು. ಕೊಳ್ಳಲೇಬೇಕೆಂದರೆ ಎಣ್ಣೆ ಬೇಡದ ಒಣ ಸಿಂಥೆಟಿಕ್ ಫಿಲ್ಟರ್ ನೋಡಿ. ಎಣ್ಣೆ ಕಡಿಮೆ ಹಾಕಿ ಎಂದು ಮೊದಲೇ ಎಚ್ಚರಿಸಿದವರಿಗೆ ತುಂಬಾ ಥ್ಯಾಂಕ್ಸ್.